ಅಡಕೆಗೊನೆ, ಆಗುಂಬೆಯ ಮಳೆ, ಜೋಗದ ನೀರು
ಭೌತವಿಜ್ಞಾನದ ಪರಿಕಲ್ಪನೆಗಳನ್ನು ಕಲಿಸುವ ಬಗೆ

ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನನ್ನು ನ್ಯೂಟನ್ನನ ಚಲನ ನಿಯಮಗಳು ಯಾವುವೆಂದು ಕೇಳಿದರೆ ಮೂರನ್ನೂ ತಡವರಿಸದೆ ಒಪ್ಪಿಸುತ್ತಾನೆ. ಕೊಟ್ಟ ಅಂಕಿಗಳನ್ನು ಸೂತ್ರದಲ್ಲಿ ತುಂಬಿ ಸರಿಯಾದ ಉತ್ತರವನ್ನೂ ತೆಗೆಯುತ್ತಾನೆ. ಅದೇ ವಿದ್ಯಾರ್ಥಿಯನ್ನು, ಮೇಲಕ್ಕೆ ಎಸೆದ ಚೆಂಡು ಏರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳು ವರ್ತಿಸುತ್ತಿವೆ ಎಂದು ಕೇಳಿ ನೋಡಿ. ಭೂಮಿಯ ಸೆಳೆತ ಕೆಳಮುಖವಾಗಿದೆ, ಕೈ ಕೊಟ್ಟ ಬಲ ಮೇಲ್ಮುಖವಾಗಿದೆ, ಆ ಬಲ ಮುಗಿದೊಡನೆ ಚೆಂಡು ಬೀಳತೊಡಗುತ್ತದೆ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಕೈಯಿಂದ ಬಿಡುಗಡೆಯಾದ ಚೆಂಡಿನ ಮೇಲೆ ಕೈಯ ಬಲ ವರ್ತಿಸುವುದಾದರೂ ಹೇಗೆ? ಗಾಳಿಯ ಅಲ್ಪ ತಡೆಯನ್ನು ಬಿಟ್ಟರೆ ಅಲ್ಲಿರುವುದು ಭೂಮಿಯ ಸೆಳೆತವೊಂದೇ. ಕಂಠಪಾಠವಾದ ನಿಯಮ ಒಂದು ಕಡೆ, ಮನಸ್ಸಿನಲ್ಲಿ ಬೇರೂರಿದ ನಂಬಿಕೆ ಇನ್ನೊಂದು ಕಡೆ. ಎರಡೂ ಒಂದೇ ತಲೆಯಲ್ಲಿ ಪರಸ್ಪರ ಪರಿಚಯವಿಲ್ಲದೆ ವಾಸಿಸುತ್ತವೆ.

ಇದು ನಮ್ಮ ನಾಡಿಗೇ ಸೀಮಿತವಾದ ಕೊರತೆಯಲ್ಲ. ಅಮೆರಿಕದ ಅರಿಜೋನ ರಾಜ್ಯ ವಿಶ್ವವಿದ್ಯಾನಿಲಯದ ಡೇವಿಡ್ ಹೆಸ್ಟೆನೆಸ್ ಮತ್ತು ಅವರ ಸಂಗಡಿಗರು ಬಲದ ಪರಿಕಲ್ಪನೆಯನ್ನು ಪರೀಕ್ಷಿಸುವ ಒಂದು ಪ್ರಶ್ನಾವಳಿಯನ್ನು 1992ರಲ್ಲಿ ಪ್ರಕಟಿಸಿದರು. ಅದರಲ್ಲಿ ಲೆಕ್ಕಗಳಿರಲಿಲ್ಲ, ದಿನಬಳಕೆಯ ಮಾತಿನಲ್ಲಿ ಕೇಳಿದ ಸರಳ ಪ್ರಶ್ನೆಗಳಿದ್ದುವು. ಕಠಿಣವಾದ ಲೆಕ್ಕಗಳನ್ನು ಬಿಡಿಸಬಲ್ಲ ಕಾಲೇಜು ವಿದ್ಯಾರ್ಥಿಗಳೂ ಇಂಥವುಗಳಲ್ಲಿ ಎಡವಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎರಿಕ್ ಮಜೂರ್ ಇಂಥ ಪ್ರಶ್ನೆಗಳನ್ನು ತಮ್ಮ ತರಗತಿಗೆ ಕೊಟ್ಟಾಗ, ತಾವು ಕಲಿಸಿದಂತೆ ಉತ್ತರಿಸಬೇಕೆ ಅಥವಾ ತನಗೆ ತೋರಿದಂತೆ ಉತ್ತರಿಸಬೇಕೆ ಎಂದು ಒಬ್ಬ ವಿದ್ಯಾರ್ಥಿನಿ ವಿಚಾರಿಸಿದಳಂತೆ. ಆಕೆಯ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ಪರೀಕ್ಷೆಗೆ ಬೇಕಾದ ಭೌತವಿಜ್ಞಾನ ಬೇರೆ, ತಾನು ಬದುಕುವ ಲೋಕ ಬೇರೆ ಎಂದು ಆಕೆ ಎಣಿಸಿದ್ದಳು.

ವಿದ್ಯಾರ್ಥಿಯ ಮನಸ್ಸು ಬರೆಯದ ಹಲಗೆಯಲ್ಲ. ಹುಟ್ಟಿದಂದಿನಿಂದ ಎತ್ತಿ, ಎಳೆದು, ಎಸೆದು, ಬಿದ್ದು ಅವನು ತನ್ನದೇ ಆದ ಒಂದು ಭೌತವಿಜ್ಞಾನವನ್ನು ಕಟ್ಟಿಕೊಂಡು ಶಾಲೆಗೆ ಬರುತ್ತಾನೆ. ತಳ್ಳಿದರೆ ಮಾತ್ರ ಗಾಡಿ ಚಲಿಸುತ್ತದೆ, ಆದುದರಿಂದ ಚಲನೆಯಿದ್ದಲ್ಲಿ ಬಲವಿರಲೇಬೇಕು ಎಂಬ ಅವನ ತೀರ್ಮಾನ ದಡ್ಡತನವಲ್ಲ. ಅರಿಸ್ಟಾಟಲನ ತೀರ್ಮಾನವೂ ಹೆಚ್ಚು ಕಡಮೆ ಅದೇ ಆಗಿತ್ತು. ಅದನ್ನು ಎದುರಿಗೆ ತಂದು ಪರೀಕ್ಷಿಸದೆ ಅದರ ಮೇಲೆ ಸೂತ್ರವನ್ನು ಹೇರಿದರೆ ಸೂತ್ರ ಪರೀಕ್ಷೆಯ ದಿನದವರೆಗೆ ಮಾತ್ರ ನಿಲ್ಲುತ್ತದೆ.

ಪರೀಕ್ಷಿಸಲು ಸಲಕರಣೆಗಳೆಲ್ಲಿ ಎಂದು ಕೇಳಬಹುದು. ಮಲೆನಾಡಿನ ಮೂರು ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕುತ್ತದೆ. ಈ ಹಾದಿಯ ಆಚೀಚೆ ಬಲ, ಚಲನೆ, ಶಕ್ತಿ ಈ ಮೂರು ಅಧ್ಯಾಯಗಳಿಗೂ ಸಾಕಾಗುವಷ್ಟು ಸಾಮಗ್ರಿಯಿದೆ.

ಗೊನೆಯೂ ಬಿಡಿಗಾಯಿಯೂ

ಹೊಸನಗರದ ಮಕ್ಕಳಿಗೆ ಅಡಕೆಯ ಕೊನೆಕೊಯ್ಲನ್ನು ವರ್ಣಿಸಬೇಕಾಗಿಲ್ಲ. ಮರದ ತುದಿಯಿಂದ ಒಂದು ತುಂಬಿದ ಗೊನೆಯೂ ಒಂದು ಬಿಡಿಗಾಯಿಯೂ ಏಕಕಾಲದಲ್ಲಿ ಬಿದ್ದರೆ ಯಾವುದು ಮೊದಲು ನೆಲವನ್ನು ಮುಟ್ಟುತ್ತದೆ? ಗೊನೆಯೆಂದೇ ಬಹುಮಂದಿ ಹೇಳುತ್ತಾರೆ. ಆಗ ಉಪಾಧ್ಯಾಯರು ಇನ್ನೊಂದು ಪ್ರಶ್ನೆ ಕೇಳಬೇಕು. ಗೊನೆಯೆಂದರೆ ನೂರಾರು ಕಾಯಿಗಳ ಸಮೂಹವಷ್ಟೆ. ಬಿಡಿಯಾಗಿ ನಿಧಾನವಾಗಿ ಬೀಳುವ ಕಾಯಿಗಳು ಒಂದೇ ದಂಟಿಗೆ ಅಂಟಿಕೊಂಡ ಮಾತ್ರಕ್ಕೆ ಬೇಗ ಬೀಳಬೇಕೇಕೆ? ನೂರು ಕಾಯಿಗಳನ್ನು ಒತ್ತೊತ್ತಾಗಿಟ್ಟು ಒಟ್ಟಿಗೆ ಬಿಟ್ಟು, ಬಳಿಕ ಅವುಗಳ ನಡುವೆ ಒಂದೊಂದು ಎಳೆ ದಾರ ಕಟ್ಟಿ ಬಿಟ್ಟರೆ ವ್ಯತ್ಯಾಸವಾಗುವುದೆ? ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಹೂಡಿದ ತರ್ಕವೂ ಇದೇ ಬಗೆಯದು. ಭಾರವಾದ ವಸ್ತುವನ್ನು ಭೂಮಿ ಹೆಚ್ಚಾಗಿ ಸೆಳೆಯುತ್ತದೆ, ನಿಜ. ಆದರೆ ಅದನ್ನು ಚಲನೆಗೆ ತರುವುದೂ ಅಷ್ಟೇ ಪ್ರಮಾಣದಲ್ಲಿ ಕಷ್ಟ. ಆದುದರಿಂದ ಎರಡೂ ಒಟ್ಟಿಗೇ ಬೀಳುತ್ತವೆ. 15 ಮೀಟರ್ ಎತ್ತರದಿಂದ ಬಿದ್ದರೆ ಎರಡಕ್ಕೂ ಸುಮಾರು ಒಂದೂಮುಕ್ಕಾಲು ಸೆಕೆಂಡು ಬೇಕು.

ಆದರೆ ಕೊನೆಗಾರನು ಗೊನೆಯನ್ನು ನೇರವಾಗಿ ಬೀಳಿಸದೆ, ಕೆಳಗೆ ನಿಂತವನು ಓರೆಯಾಗಿ ಹಿಡಿದ ಹಗ್ಗದ ಮೇಲೆ ಜಾರಿಸುತ್ತಾನೆ. ನೇರವಾಗಿ ಬಿದ್ದಿದ್ದರೆ ಗೊನೆ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸಿ ಕಾಯಿಗಳು ಚದರಿಹೋಗುತ್ತಿದ್ದುವು. ಹಗ್ಗದ ಮೇಲೆ ಅದು ಮೆಲ್ಲಗೆ ಬರುವುದು ದಾರಿ ಓರೆಯಾಗಿರುವುದರಿಂದಲೆ? ಇಲ್ಲ. ಘರ್ಷಣೆಯೇ ಇಲ್ಲದ ಹಗ್ಗವಿದ್ದರೆ ಗೊನೆಗೆ ಹೆಚ್ಚು ಕಾಲ ಹಿಡಿಯುತ್ತಿತ್ತೇ ಹೊರತು, ಕೆಳಗೆ ತಲಪಿದಾಗ ಅದರ ವೇಗ ಮೊದಲಿನಷ್ಟೇ ಇರುತ್ತಿತ್ತು. ಏಕೆಂದರೆ ಇಳಿದ ಎತ್ತರ ಒಂದೇ. ವೇಗವನ್ನು ಕುಗ್ಗಿಸುವುದು ಹಗ್ಗದ ಘರ್ಷಣೆ. ಅದು ಕಿತ್ತುಕೊಂಡ ಶಕ್ತಿ ಉಷ್ಣವಾಗಿ ಹಗ್ಗಕ್ಕೂ ಗೊನೆಯ ದಂಟಿಗೂ ಸೇರುತ್ತದೆ.

ಆಗುಂಬೆಯ ಹನಿ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಹೊರಟ ಹನಿ, ಗಾಳಿಯೇ ಇಲ್ಲದಿದ್ದರೆ, ಸೆಕೆಂಡಿಗೆ 140 ಮೀಟರ್ ವೇಗದಲ್ಲಿ ನೆಲವನ್ನು ತಲಪಬೇಕಾಗಿತ್ತು. ಅದು ಗಂಟೆಗೆ 500 ಕಿಲೋಮೀಟರ್ ವೇಗ. ಅಂಥ ಮಳೆಗೆ ಸಿಕ್ಕಿದ ಎಲೆಯಾಗಲಿ ಹೆಂಚಾಗಲಿ ಉಳಿಯುತ್ತಿರಲಿಲ್ಲ. ವಾಸ್ತವದಲ್ಲಿ ಬಹು ದೊಡ್ಡ ಹನಿಯ ವೇಗವೂ ಸೆಕೆಂಡಿಗೆ ಸುಮಾರು 9 ಮೀಟರನ್ನು ಮೀರುವುದಿಲ್ಲ. ಹನಿಯ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚಿ, ಒಂದು ಘಟ್ಟದಲ್ಲಿ ಅದು ಹನಿಯ ತೂಕಕ್ಕೆ ಸರಿಸಮವಾಗುತ್ತದೆ. ಅಲ್ಲಿಂದ ಮುಂದೆ ಹನಿ ಒಂದೇ ವೇಗದಲ್ಲಿ ಇಳಿಯುತ್ತದೆ.

ಈಗ ಪ್ರಶ್ನೆ: ಹೀಗೆ ಸಮವೇಗದಲ್ಲಿ ಇಳಿಯುತ್ತಿರುವ ಹನಿಯ ಮೇಲೆ ತೂಕ ಹೆಚ್ಚೋ, ಗಾಳಿಯ ತಡೆ ಹೆಚ್ಚೋ? ಹನಿ ಕೆಳಗಿಳಿಯುತ್ತಿರುವುದರಿಂದ ತೂಕವೇ ಹೆಚ್ಚಿರಬೇಕೆಂದು ಮನಸ್ಸು ಹೇಳುತ್ತದೆ. ಎರಡೂ ಸಮ, ಒಟ್ಟು ಬಲ ಸೊನ್ನೆ. ಆದರೂ ಹನಿ ಚಲಿಸುತ್ತಲೇ ಇದೆ. ಬಲ ಬೇಕಾಗಿರುವುದು ಚಲನೆಗಲ್ಲ, ಚಲನೆಯ ಬದಲಾವಣೆಗೆ. ನ್ಯೂಟನ್ನನ ಮೊದಲನೆಯ ನಿಯಮದ ತಿರುಳು ಇಷ್ಟೆ. ಇದನ್ನು ಒಪ್ಪಿಕೊಂಡ ವಿದ್ಯಾರ್ಥಿಗೆ ಮೇಲಕ್ಕೆಸೆದ ಚೆಂಡಿನ ಪ್ರಶ್ನೆ ಮತ್ತೆ ತೊಡಕಾಗಲಾರದು.

ಜೋಗದ ನೀರು ಕಳೆದುಕೊಳ್ಳುವುದೇನು?

ವಿದ್ಯುತ್ತನ್ನು ತೆಗೆದುಕೊಂಡ ಮೇಲೆ ನೀರಿನಲ್ಲಿ ಸತ್ವ ಉಳಿದಿರುವುದೆ, ಅದು ಪೈರಿಗೆ ಒದಗುವುದೆ ಎಂಬ ಸಂದೇಹವುಂಟು. ಇದನ್ನು ಕೇಳಿ ನಗಬೇಕಾಗಿಲ್ಲ. ಶಕ್ತಿ ಎಂದರೇನೆಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ದೊರೆಯದು. ನೀರು ಕಳೆದುಕೊಳ್ಳುವುದು ತನ್ನ ಎತ್ತರವನ್ನು ಮಾತ್ರ. ಜೋಗದ 253 ಮೀಟರ್ ಎತ್ತರದಿಂದ ಒಂದು ಕಿಲೋಗ್ರಾಂ ನೀರು ಇಳಿದಾಗ ಸುಮಾರು 2,480 ಜೂಲ್ ಶಕ್ತಿ ದೊರೆಯುತ್ತದೆ. ನಾವು ಹಣ ತೆರುವ ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಸ್ವಲ್ಪವೂ ನಷ್ಟವಾಗಲಿಲ್ಲವೆಂದು ಭಾವಿಸಿದರೂ ಅಷ್ಟಕ್ಕೆ ಸುಮಾರು 1,450 ಲೀಟರ್ ನೀರು ಜೋಗದ ಎತ್ತರದಿಂದ ಇಳಿಯಬೇಕು.

ನೀರು ಯಂತ್ರವನ್ನು ತಿರುಗಿಸದೆ ಸುಮ್ಮನೆ ಧುಮುಕಿದರೆ ಆ ಶಕ್ತಿ ಎಲ್ಲಿ ಹೋಗುತ್ತದೆ? ಅದು ಉಷ್ಣವಾಗುತ್ತದೆ. ನಯಾಗರದ ನೀರು 160 ಅಡಿ ಬೀಳುವುದರಿಂದ ಫ್ಯಾರನ್‌ಹೀಟ್ ಮಾನದ ಒಂದು ಡಿಗ್ರಿಯ ಐದರಲ್ಲೊಂದು ಪಾಲಿನಷ್ಟು ಬಿಸಿಯೇರಬೇಕೆಂದು ಜೂಲ್ 1845ರಲ್ಲಿ ಗಣಿಸಿದ್ದನು. ಅದೇ ಲೆಕ್ಕದಂತೆ ಜೋಗದ ನೀರು ಬಿಸಿಯೇರಬೇಕಾದುದು ಸುಮಾರು 0.6 ಡಿಗ್ರಿ ಸೆಲ್ಸಿಯಸ್. ತುಂತುರು ಆವಿಯಾಗಿ ನೀರನ್ನು ತಣಿಸುವುದರಿಂದ ಅಲ್ಲಿ ಅಳೆಯುವುದು ಸುಲಭವಲ್ಲ. ತರಗತಿಯಲ್ಲಾದರೆ ಒಂದು ಮೀಟರ್ ಉದ್ದದ ಮುಚ್ಚಿದ ಕೊಳವೆಯಲ್ಲಿ ಸೀಸದ ಸಣ್ಣ ಗುಂಡುಗಳನ್ನು ಹಾಕಿ 50 ಬಾರಿ ತಲೆಕೆಳಗು ಮಾಡಿದರೆ ಸಾಕು. ಲೆಕ್ಕದಂತೆ ಉಷ್ಣತೆ ಸುಮಾರು 3.8 ಡಿಗ್ರಿ ಏರಬೇಕು. ಏರಿದ್ದು ಅದಕ್ಕಿಂತ ಕಡಮೆಯಾದರೆ, ಉಳಿದುದು ಎಲ್ಲಿ ಸೋರಿತೆಂದು ಹುಡುಕುವುದೂ ಪಾಠವೇ.

1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದುವು. ಆ ನೀರಿನ ಎತ್ತರಕ್ಕೆ ತೆತ್ತ ಬೆಲೆಯನ್ನು ಅಲ್ಲಿನ ಮನೆತನಗಳು ಬಲ್ಲುವು. ಆ ಎತ್ತರದಿಂದ ಏನು ದೊರೆಯಿತೆಂಬ ಲೆಕ್ಕವೂ ಅವರ ಮಕ್ಕಳಿಗೆ ತಿಳಿದಿರುವುದು ನ್ಯಾಯ.

ಮಾತಿನ ತೊಡಕು

ಇಲ್ಲಿ ಭಾಷೆಯ ಪ್ರಶ್ನೆಯೊಂದುಂಟು. ದಿನಬಳಕೆಯಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳಿಗೂ ಹೆಚ್ಚು ಕಡಮೆ ಒಂದೇ ಅರ್ಥ. ಭೌತವಿಜ್ಞಾನದಲ್ಲಿ ಅವು ಮೂರು ಬೇರೆ ಬೇರೆ ಪರಿಮಾಣಗಳು. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಎಂಬುದು ಸಾಮರ್ಥ್ಯ. ಅದು ಪೂರ್ಣವಾಗಿ ಒಂದು ಗಂಟೆ ನಡೆದಾಗ ದೊರೆಯುವ 10,35,000 ಯೂನಿಟ್ ಎಂಬುದು ಶಕ್ತಿ. ಅಡಕೆಯ ಮೂಟೆಯನ್ನು ಹೊತ್ತು ನಿಂತೇ ಇರುವ ಆಳು ಬೆವರಿದರೂ, ಭೌತವಿಜ್ಞಾನದ ಅರ್ಥದಲ್ಲಿ ಮೂಟೆಯ ಮೇಲೆ ಕೆಲಸ ನಡೆಯುತ್ತಿಲ್ಲ. ಹಳೆಯ ಮಾತಿಗೆ ಹೊಸ ಅರ್ಥ ಬಂದಿದೆಯೆಂಬುದನ್ನು ಉಪಾಧ್ಯಾಯರು ಬಿಡಿಸಿ ಹೇಳದಿದ್ದರೆ ವಿದ್ಯಾರ್ಥಿ ತನ್ನ ಹಳೆಯ ಅರ್ಥದಿಂದಲೇ ಪಾಠವನ್ನು ಓದುತ್ತಾನೆ.

ಕನ್ನಡದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಪಿ.ಯು. ವಿಜ್ಞಾನ ತರಗತಿಗೆ ಸೇರಿದವರಿಗೆ ಈ ತೊಡಕು ಇಮ್ಮಡಿಯಾಗುತ್ತದೆ. ಬಲ ಹೋಗಿ ಫೋರ್ಸ್ ಬರುತ್ತದೆ, ಶಕ್ತಿ ಹೋಗಿ ಎನರ್ಜಿ ಬರುತ್ತದೆ. ಪರಿಕಲ್ಪನೆ ಕನ್ನಡದಲ್ಲಿ ಗಟ್ಟಿಯಾಗಿದ್ದರೆ ಬದಲಾಗುವುದು ಹೆಸರು ಮಾತ್ರ. ಕೆಲವು ವಾರಗಳ ಅಭ್ಯಾಸ ಸಾಕು. ಗಟ್ಟಿಯಾಗಿರದಿದ್ದರೆ ಎರಡು ಭಾಷೆಗಳ ಮಾತುಗಳೂ ಬರಿಯ ಸದ್ದುಗಳಾಗಿ, ಬುದ್ಧಿವಂತ ಹುಡುಗನೂ ತನಗೆ ವಿಜ್ಞಾನ ಹತ್ತದೆಂದು ಕೈಬಿಡುತ್ತಾನೆ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದುದು 1918ರಲ್ಲಿ. ಕನ್ನಡದಲ್ಲಿ ಈ ವಿಷಯಗಳನ್ನು ಹೇಳಬಹುದೆ ಎಂಬ ಸಂದೇಹಕ್ಕೆ ಅಂದೇ ಉತ್ತರ ದೊರೆತಿದೆ.

ಕಲಿಸುವ ಕ್ರಮ

ಮೊದಲು ಪ್ರಶ್ನೆಯನ್ನು ಮುಂದಿಡಬೇಕು. ಪ್ರತಿಯೊಬ್ಬನೂ ತನ್ನ ಊಹೆಯನ್ನು ಕಾರಣಸಹಿತ ಬರೆಯಬೇಕು. ಬರೆದ ಮೇಲೆ ಜಾರಿಕೊಳ್ಳಲು ಆಸ್ಪದವಿಲ್ಲ. ಬಳಿಕ ಪಕ್ಕದವನೊಡನೆ ವಾದಿಸಲಿ. ಆಮೇಲೆ ಪ್ರಯೋಗ, ಅದರ ಹಿಂದೆ ವಿವರಣೆ, ಕಟ್ಟಕಡೆಗೆ ಸೂತ್ರ. ನಮ್ಮ ತರಗತಿಗಳಲ್ಲಿ ಈ ಕ್ರಮ ಅನೇಕ ವೇಳೆ ತಲೆಕೆಳಗಾಗಿರುತ್ತದೆ.

ಈ ಬಗೆಯ ಬೋಧನೆಯಿಂದ ಪ್ರಯೋಜನವುಂಟೆ? ರಿಚರ್ಡ್ ಹೇಕ್ ಎಂಬ ಅಮೆರಿಕದ ಭೌತವಿಜ್ಞಾನಿ ಪ್ರೌಢಶಾಲೆ, ಕಾಲೇಜು, ವಿಶ್ವವಿದ್ಯಾನಿಲಯಗಳ 62 ತರಗತಿಗಳ 6,542 ವಿದ್ಯಾರ್ಥಿಗಳ ಫಲಿತಾಂಶಗಳನ್ನು 1998ರಲ್ಲಿ ಪ್ರಕಟಿಸಿದರು. ಬರಿಯ ಉಪನ್ಯಾಸ ಕೇಳಿದ ತರಗತಿಗಳು ಪ್ರಾರಂಭದಲ್ಲಿ ತಿಳಿಯದಿದ್ದುದರಲ್ಲಿ ಸರಾಸರಿ ನೂರಕ್ಕೆ 23 ಪಾಲನ್ನು ಗಳಿಸಿದ್ದುವು. ವಿದ್ಯಾರ್ಥಿಗಳೇ ಊಹಿಸಿ, ಚರ್ಚಿಸಿ, ಮಾಡಿ ಕಲಿತ ತರಗತಿಗಳು 48 ಪಾಲನ್ನು ಗಳಿಸಿದ್ದುವು.

ಪಾಠಕ್ರಮ ದೊಡ್ಡದು, ಕಾಲ ಸಾಲದು ಎಂಬ ಉಪಾಧ್ಯಾಯರ ಅಹವಾಲು ಸುಳ್ಳಲ್ಲ. ಎಲ್ಲ ಪಾಠವನ್ನೂ ಹೀಗೆ ಮಾಡಬೇಕೆಂದು ಯಾರೂ ಹೇಳರು. ವಾರಕ್ಕೆ ಒಂದು ಪ್ರಶ್ನೆ, ಅದಕ್ಕೆ ಇಪ್ಪತ್ತು ನಿಮಿಷ ಸಾಕು. ಹೊರಗೆ ಮಳೆ ಹೊಯ್ಯುತ್ತಿರುವ ದಿನವಾದರೆ ಹನಿಯ ಪ್ರಶ್ನೆಯಿಂದಲೇ ಪ್ರಾರಂಭಿಸಬಹುದು.