ಡ್ರೈವ್ ಬದಲಿಸಿದ ಮೇಲೆ ಬೋಟಿನ ವೇಗ ಕುಂದಿದರೆ: ಮೊದಲು ಲೆಕ್ಕ, ಅನಂತರ ದುರಸ್ತಿ

ವೇಗದ ಬೋಟುಗಳಲ್ಲಿ ಎಂಜಿನ್ ಒಳಗಿದ್ದು, ಪ್ರೊಪೆಲ್ಲರನ್ನು ತಿರುಗಿಸುವ ಡ್ರೈವ್ ಘಟಕವು ಬೋಟಿನ ಹಿಂಭಾಗದ ಹೊರಗೆ ಜೋಡಣೆಯಾಗಿರುವ ವ್ಯವಸ್ಥೆಗೆ ಸ್ಟರ್ನ್‌ಡ್ರೈವ್ ಎಂದು ಹೆಸರು. ವೋಲ್ವೋ ಪೆಂಟಾ ಸಂಸ್ಥೆಯು 1959ರಲ್ಲಿ ‘ಅಕ್ವಾಮ್ಯಾಟಿಕ್’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದ ಬಳಿಕ ಈ ವ್ಯವಸ್ಥೆ ವ್ಯಾಪಕ ಬಳಕೆಗೆ ಬಂದಿತು. ಸದಾ ಉಪ್ಪುನೀರಿನ ಸಂಪರ್ಕದಲ್ಲಿರುವ ಕಾರಣ ಡ್ರೈವ್ ಘಟಕವು ಎಂಜಿನ್‌ಗಿಂತ ಮೊದಲೇ ಹಾಳಾಗುವುದುಂಟು. ಆಗ ಮಾಲೀಕರು ಹೊಸ ಅಥವಾ ದುರಸ್ತಿಗೊಳಿಸಿದ ಹಳೆಯ ಘಟಕವನ್ನು ಕೊಂಡು ಜೋಡಿಸುತ್ತಾರೆ.

ಇಷ್ಟೆಲ್ಲ ವೆಚ್ಚ ಮಾಡಿ ನೀರಿಗಿಳಿಸಿದಾಗ ಗರಿಷ್ಠ ವೇಗವು ನಾಲ್ಕೈದು ನಾಟ್ ಕಡಿಮೆಯಾಗಿರುವುದು ಕಂಡುಬಂದರೆ ವಿವಾದ ಆರಂಭವಾಗುತ್ತದೆ. ಮಾಲೀಕರು ಮೆಕ್ಯಾನಿಕನನ್ನೂ, ಮೆಕ್ಯಾನಿಕನು ಎಂಜಿನ್ನನ್ನೂ ದೂರುತ್ತಾರೆ. ಸರಬರಾಜುದಾರರು ಇಬ್ಬರನ್ನೂ ದೂರುತ್ತಾರೆ. ಎಂಜಿನ್ ಬಿಚ್ಚಿ ಸಾವಿರಾರು ರೂಪಾಯಿ ಕಳೆದುಕೊಳ್ಳುವ ಮೊದಲು ಕಾಗದದ ಮೇಲೆ ಐದು ನಿಮಿಷದ ಲೆಕ್ಕ ಮಾಡಿದರೆ ದೋಷ ಎಲ್ಲಿದೆಯೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಆ ಲೆಕ್ಕವನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಔಟ್‌ಬೋರ್ಡ್ ಎಂಜಿನ್‌ಗಳ ಕೆಳಭಾಗದ ಗೇರ್ ಪೆಟ್ಟಿಗೆಯನ್ನು ಬದಲಿಸಿದಾಗಲೂ ಇದೇ ಕ್ರಮ ಅನ್ವಯಿಸುವುದರಿಂದ, ಮಲ್ಪೆ, ಮುರ್ಡೇಶ್ವರ ಮುಂತಾದೆಡೆ ಪ್ರವಾಸಿ ಬೋಟು ನಡೆಸುವವರಿಗೂ ಬಿಡಿಭಾಗಗಳ ವ್ಯಾಪಾರಿಗಳಿಗೂ ಇದು ಉಪಯುಕ್ತವಾದೀತು.

ಹೊರನೋಟ ಒಂದೇ, ಒಳಗಿನ ಗೇರ್ ಬೇರೆ

ಎಂಜಿನ್ ಎಷ್ಟು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗುತ್ತದೆ ಎಂಬುದೇ ಡ್ರೈವ್‌ನ ಗೇರ್ ಅನುಪಾತ. ಒಂದೇ ಮಾದರಿಯ ಡ್ರೈವ್ ಹಲವು ಅನುಪಾತಗಳಲ್ಲಿ ತಯಾರಾಗುತ್ತದೆ. ಉದಾಹರಣೆಗೆ, ಮರ್ಕ್ರೂಸರ್ ಕಂಪನಿಯ ಬ್ರಾವೋ ಒನ್ ಮಾದರಿಯು 1.36, 1.50 ಮತ್ತು 1.65 ಅನುಪಾತಗಳಲ್ಲಿ ಮಾರಾಟವಾಗಿದೆ. ಹೊರಗಿನಿಂದ ನೋಡಿದರೆ ಇವುಗಳಲ್ಲಿ ವ್ಯತ್ಯಾಸ ಕಾಣದು. ಜೋಡಣೆಯ ಬೋಲ್ಟುಗಳು ಸರಿಯಾಗಿ ಕೂರುತ್ತವೆ, ಹಳೆಯ ಪ್ರೊಪೆಲ್ಲರ್ ಕೂಡ ಹೊಂದಿಕೊಳ್ಳುತ್ತದೆ. ಆದ್ದರಿಂದಲೇ ಅನುಪಾತ ಬದಲಾದದ್ದು ಯಾರ ಗಮನಕ್ಕೂ ಬಾರದೆ ಹೋಗುವ ಸಂಭವ ಹೆಚ್ಚು.

ಇನ್ನೊಂದು ಅಳತೆ ಪ್ರೊಪೆಲ್ಲರ್‌ನ ಪಿಚ್. ತಿರುಪು ಮೊಳೆ ಮರದೊಳಗೆ ಇಳಿಯುವಂತೆ, ಪ್ರೊಪೆಲ್ಲರ್ ಒಂದು ಸುತ್ತಿಗೆ ತಾತ್ತ್ವಿಕವಾಗಿ ಎಷ್ಟು ಇಂಚು ಮುಂದೆ ಸಾಗಬೇಕೋ ಅದೇ ಪಿಚ್. ನೀರು ಮರದಂತೆ ಗಟ್ಟಿಯಲ್ಲವಾದ್ದರಿಂದ ವಾಸ್ತವ ವೇಗ ಇದಕ್ಕಿಂತ ಕಡಿಮೆ ಇರುತ್ತದೆ. ಈ ಕೊರತೆಗೆ ಸ್ಲಿಪ್ ಎಂದು ಹೆಸರು. ವೇಗದ ಬೋಟುಗಳಲ್ಲಿ ಇದು ಸಾಮಾನ್ಯವಾಗಿ ಶೇ. 10ರಿಂದ 15ರ ಆಸುಪಾಸಿನಲ್ಲಿರುತ್ತದೆ.

ಲೆಕ್ಕದ ಕ್ರಮ

ಎಂಜಿನ್‌ನ ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ ಭಾಗಿಸಿ, ಪಿಚ್‌ನಿಂದ ಗುಣಿಸಿ, ಬಂದದ್ದನ್ನು 1,215ರಿಂದ ಭಾಗಿಸಿದರೆ ತಾತ್ತ್ವಿಕ ವೇಗ ನಾಟ್‌ಗಳಲ್ಲಿ ದೊರೆಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೋಟಿನಲ್ಲಿ 1.50 ಅನುಪಾತದ ಎರಡು ಡ್ರೈವ್‌ಗಳು, 21 ಇಂಚು ಪಿಚ್‌ನ ಪ್ರೊಪೆಲ್ಲರ್‌ಗಳು ಇವೆ. ಎಂಜಿನ್‌ಗಳ ಮಿತಿ 4,800 ಆರ್‌ಪಿಎಂ ಎಂದಿರಲಿ. ತಾತ್ತ್ವಿಕ ವೇಗ 55.3 ನಾಟ್. ಬೋಟು ವಾಸ್ತವವಾಗಿ 49 ನಾಟ್ ಓಡುತ್ತಿದ್ದರೆ ಸ್ಲಿಪ್ ಶೇ. 11ಕ್ಕೆ ತುಸು ಹೆಚ್ಚು. ಈಗ 1.65 ಅನುಪಾತದ ಡ್ರೈವ್‌ಗಳನ್ನು ಜೋಡಿಸಿ, ಪ್ರೊಪೆಲ್ಲರ್ ಹಳೆಯದನ್ನೇ ಉಳಿಸಲಾಗಿದೆ. ಅದೇ 4,800 ಆರ್‌ಪಿಎಂನಲ್ಲಿ ತಾತ್ತ್ವಿಕ ವೇಗ 50.3 ನಾಟ್‌ಗೆ ಇಳಿಯುತ್ತದೆ. ಬೋಟು ಸುಮಾರು 44.5 ನಾಟ್ ಮುಟ್ಟಿ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದುದು ಸ್ಲಿಪ್. ಅದು ಈಗಲೂ ಶೇ. 11ರ ಆಸುಪಾಸಿನಲ್ಲೇ ಇದೆ. ಎಂದರೆ ಬೋಟಿನ ತಳ, ಡ್ರೈವ್‌ನ ಎತ್ತರ, ಪ್ರೊಪೆಲ್ಲರ್ ಇವು ಯಾವುವೂ ಕೆಟ್ಟಿಲ್ಲ. ಎಂಜಿನ್ ಕೂಡ ತನ್ನ ಮಿತಿಯನ್ನು ಮುಟ್ಟುತ್ತಿದೆ. ಕಳೆದುಹೋದ ನಾಲ್ಕೂವರೆ ನಾಟ್ ಪೂರ್ತಿಯಾಗಿ ಗೇರ್ ಅನುಪಾತದ ಬಾಬತ್ತಿಗೆ ಸೇರಿದ್ದು. ಪರಿಹಾರವೂ ಲೆಕ್ಕದಲ್ಲೇ ಇದೆ: 21ನ್ನು 1.65ರಿಂದ ಗುಣಿಸಿ 1.50ರಿಂದ ಭಾಗಿಸಿದರೆ 23.1 ಬರುತ್ತದೆ. 23 ಇಂಚು ಪಿಚ್‌ನ ಪ್ರೊಪೆಲ್ಲರ್ ಹಾಕಿದರೆ ಹಳೆಯ ವೇಗ ಮರಳುವುದನ್ನು ನಿರೀಕ್ಷಿಸಬಹುದು.

ಮೂರು ಲಕ್ಷಣಗಳು

1. ಥ್ರಾಟಲ್ ಪೂರ್ತಿ ಕೊಡುವ ಮೊದಲೇ ಆರ್‌ಪಿಎಂ ಮಿತಿ ಮುಟ್ಟುತ್ತದೆ, ಸ್ಲಿಪ್ ಮೊದಲಿನಂತಿದೆ: ಮೇಲೆ ಹೇಳಿದ ಪ್ರಕರಣ. ಪಿಚ್ ಹೆಚ್ಚಿಸಬೇಕು.

2. ಥ್ರಾಟಲ್ ಪೂರ್ತಿ ಕೊಟ್ಟರೂ ಆರ್‌ಪಿಎಂ ಮೇಲೇರುವುದಿಲ್ಲ, ಸ್ಲಿಪ್ ಮೊದಲಿನಂತಿದೆ: ಹೊಸ ಡ್ರೈವ್‌ನ ಅನುಪಾತದ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಹುದು. ಎಂಜಿನ್ ಹೊರೆ ತಾಳಲಾರದೆ ಏದುತ್ತದೆ. ಹೀಗೆಯೇ ಓಡಿಸಿದರೆ ಎಂಜಿನ್‌ಗೆ ಹಾನಿ. ಪಿಚ್ ಇಳಿಸಬೇಕು. ಒಂದು ಇಂಚು ಪಿಚ್ ವ್ಯತ್ಯಾಸಕ್ಕೆ ಸುಮಾರು 150ರಿಂದ 200 ಆರ್‌ಪಿಎಂ ಬದಲಾಗುತ್ತದೆ. ಅನುಪಾತ ಸರಿಯಾಗಿದ್ದರೆ ಥ್ರಾಟಲ್ ಕೇಬಲ್ ಪೂರ್ತಿ ಎಳೆಯುತ್ತಿದೆಯೇ ಎಂದು ನೋಡಬೇಕು. ಎಂಜಿನ್ನನ್ನು ಸಂಶಯಿಸುವುದು ಇದಾದ ಮೇಲೆ.

3. ಆರ್‌ಪಿಎಂ ಸರಿಯಾಗಿದೆ, ಆದರೆ ಸ್ಲಿಪ್ ಶೇ. 20 ಅಥವಾ ಅದಕ್ಕೂ ಹೆಚ್ಚಿದೆ: ದೋಷ ನೀರಿನ ಬದಿಯಲ್ಲಿದೆ. ಹೊಸ ಡ್ರೈವ್‌ನ ಉದ್ದ ಬೇರೆಯಾಗಿ ಪ್ರೊಪೆಲ್ಲರ್ ತೀರ ಮೇಲೆ ನಿಂತು ಗಾಳಿ ಎಳೆದುಕೊಳ್ಳುತ್ತಿರಬಹುದು, ಟ್ರಿಮ್ ಸಂವೇದಕ ತಪ್ಪು ಕೋನ ತೋರಿಸುತ್ತಿರಬಹುದು, ರೆಕ್ಕೆ ಬಾಗಿರಬಹುದು, ಅಥವಾ ಪ್ರೊಪೆಲ್ಲರ್‌ನ ನಡುವಿನ ರಬ್ಬರ್ ಹಬ್ ಜಾರುತ್ತಿರಬಹುದು. ಹಬ್‌ನ ಒಳಭಾಗ ಹೊರಭಾಗಗಳಿಗೆ ಅಡ್ಡಲಾಗಿ ಬಣ್ಣದ ಒಂದು ಗೆರೆ ಎಳೆದು ಓಡಿಸಿ ನೋಡಿದರೆ, ಗೆರೆ ತುಂಡಾಗಿದ್ದಲ್ಲಿ ಹಬ್ ಜಾರಿದೆ ಎಂದರ್ಥ.

ಸ್ಲಿಪ್ ಶೇ. 2 ಅಥವಾ 3ಕ್ಕೆ ಇಳಿದರೆ ಸಂತೋಷಪಡಬೇಕಾಗಿಲ್ಲ. ನಾವು ನಂಬಿರುವ ಅನುಪಾತವೋ ಟ್ಯಾಕೋಮೀಟರೋ ಸುಳ್ಳು ಹೇಳುತ್ತಿದೆ ಎಂಬುದಕ್ಕೆ ಅದು ಸೂಚನೆ. ಇಂಥ ಸಂಶಯವಿದ್ದಲ್ಲಿ, ಡ್ರೈವನ್ನು ಬೋಟಿನಿಂದ ಕಳಚಿ, ಗೇರ್ ಹಾಕಿ, ಪ್ರೊಪೆಲ್ಲರ್ ಶಾಫ್ಟ್ ಹತ್ತು ಸುತ್ತು ತಿರುಗಲು ಎಂಜಿನ್ ಬದಿಯ ಶಾಫ್ಟ್ ಎಷ್ಟು ಸುತ್ತು ತಿರುಗಬೇಕೆಂದು ಎಣಿಸಬೇಕು. 15 ಸುತ್ತಾದರೆ 1.50, ಹದಿನಾರೂವರೆಯಾದರೆ 1.65. ಲೇಬಲ್‌ಗಿಂತ ಈ ಎಣಿಕೆ ಹೆಚ್ಚು ವಿಶ್ವಾಸಾರ್ಹ, ಏಕೆಂದರೆ ದುರಸ್ತಿಯಾದ ಹಳೆಯ ಘಟಕಗಳಲ್ಲಿ ಮೇಲ್ಭಾಗ ಒಂದರದು, ಕೆಳಭಾಗ ಮತ್ತೊಂದರದು ಇರುವುದುಂಟು.

ಜೋಡಿ ಡ್ರೈವ್‌ಗಳಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಒಂದು 1.50, ಇನ್ನೊಂದು 1.65 ಆಗಿದ್ದಲ್ಲಿ ಒಂದು ಎಂಜಿನ್ ಮಿತಿ ಮುಟ್ಟಿದರೆ ಇನ್ನೊಂದು ಹಿಂದುಳಿಯುತ್ತದೆ. ಎರಡರ ಟ್ರಿಮ್ ಕೋನವೂ ಸಮನಾಗಿರಬೇಕು.

ಅಳತೆ ನಂಬುವಂತಿರಲಿ

ವೇಗವನ್ನು ಜಿಪಿಎಸ್‌ನಿಂದ, ಒಂದೇ ದಾರಿಯಲ್ಲಿ ಹೋಗುತ್ತಾ ಬರುತ್ತಾ ಎರಡು ಬಾರಿ ಅಳೆದು ಸರಾಸರಿ ತೆಗೆಯಬೇಕು. ಪ್ರವಾಹ ಮತ್ತು ಗಾಳಿಯ ಪರಿಣಾಮ ಇದರಿಂದ ಬಹುಪಾಲು ಕಳೆಯುತ್ತದೆ. ಇಂಧನ ಹಾಗೂ ಜನರ ತೂಕ ಎರಡೂ ಪರೀಕ್ಷೆಗಳಲ್ಲಿ ಸಮನಾಗಿರಬೇಕು. ತಳದಲ್ಲಿ ಪಾಚಿ, ಚಿಪ್ಪು ಕಟ್ಟಿರಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂಬುದು ತಿಳಿಯದು.

ಖರೀದಿ ಆದೇಶದಲ್ಲಿ ಬರೆಯಬೇಕಾದದ್ದು

ವ್ಯಾಪಾರದ ದೃಷ್ಟಿಯಿಂದ ಇದೇ ಮುಖ್ಯ ಭಾಗ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ಪ್ರಕಾರ, ವಿವರಣೆಯ ಮೇರೆಗೆ ಮಾರಿದ ಸರಕು ಆ ವಿವರಣೆಗೆ ಅನುಗುಣವಾಗಿರಬೇಕು. ಆದೇಶದಲ್ಲಿ ‘ಅನುಪಾತ 1.50’ ಎಂದು ಬರೆದಿದ್ದು 1.65 ಬಂದರೆ ಖರೀದಿದಾರರ ಪಕ್ಷ ಬಲವಾಗಿರುತ್ತದೆ. ಉದ್ದಿಷ್ಟ ಉಪಯೋಗಕ್ಕೆ ಸರಕು ತಕ್ಕದ್ದಾಗಿರಬೇಕೆಂಬ 16ನೇ ಕಲಮಿನ ರಕ್ಷಣೆಯಾದರೋ, ನಿರ್ದಿಷ್ಟ ವಸ್ತುವನ್ನು ಅದರ ವ್ಯಾಪಾರ ನಾಮದಿಂದಲೇ ಕರೆದು ಕೊಂಡಾಗ ದೊರೆಯುವುದಿಲ್ಲ. ಹೀಗಾಗಿ ಬರೀ ಮಾದರಿಯ ಹೆಸರು ಬರೆದು ಎರಡು ಡ್ರೈವ್ ತರಿಸಿದವರಿಗೆ ಆಮೇಲೆ ವಾದಿಸಲು ಉಳಿಯುವುದು ಅಲ್ಪ.

ಆದ್ದರಿಂದ ಮಾದರಿಯ ಜೊತೆಗೆ ಗೇರ್ ಅನುಪಾತ, ಡ್ರೈವ್‌ನ ಉದ್ದ, ತಿರುಗುವ ದಿಕ್ಕು, ಈಗಿರುವ ಪ್ರೊಪೆಲ್ಲರ್‌ನ ಪಿಚ್, ಎಂಜಿನ್‌ನ ಆರ್‌ಪಿಎಂ ಮಿತಿ ಇಷ್ಟನ್ನೂ ಆದೇಶದಲ್ಲಿಯೂ ಬಿಲ್ಲಿನಲ್ಲಿಯೂ ನಮೂದಿಸತಕ್ಕದ್ದು. ಹಳೆಯ ಡ್ರೈವ್ ಬಿಚ್ಚುವ ಮೊದಲು, ಅದು ಓಡುವ ಸ್ಥಿತಿಯಲ್ಲಿದ್ದರೆ, ಬೋಟನ್ನು ಒಮ್ಮೆ ಓಡಿಸಿ ವೇಗ, ಆರ್‌ಪಿಎಂಗಳನ್ನು ಬರೆದು ಉಭಯತರರೂ ಸಹಿ ಹಾಕಿಟ್ಟುಕೊಳ್ಳುವುದು ಉತ್ತಮ. ಹಳೆಯ ಅಂಕಿಯೇ ಇಲ್ಲದಿದ್ದರೆ ವೇಗ ಕುಂದಿದೆ ಎಂಬ ದೂರನ್ನು ರುಜುವಾತುಪಡಿಸುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ.