ಸಿಸೇರಿಯನ್ ಹೆರಿಗೆಯೂ ಸ್ತ್ರೀಯರ ಇಚ್ಛೆಯೂ

ಮಗು ಹುಟ್ಟಿದ ಸುದ್ದಿ ಬಂದೊಡನೆ ಬಂಧುಗಳು ಹಿಂದೆ ಕೇಳುತ್ತಿದ್ದುದು ‘ಗಂಡೋ ಹೆಣ್ಣೋ’ ಎಂದು. ಈಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ನಾರ್ಮಲೋ ಸಿಸೇರಿಯನ್ನೋ?’ ಉತ್ತರವು ಎರಡನೆಯದಾದರೆ, ‘ಈಗಿನ ಹುಡುಗಿಯರಿಗೆ ನೋವು ತಡೆಯುವ ಶಕ್ತಿಯೆಲ್ಲಿ, ತಾವಾಗಿಯೇ ಕೊಯ್ಯಿಸಿಕೊಳ್ಳುತ್ತಾರೆ’ ಎಂದು ಹಿರಿಯರು ತೀರ್ಪು ಕೊಟ್ಟುಬಿಡುವುದುಂಟು. ಈ ತೀರ್ಪು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ಪರಿಶೀಲಿಸೋಣ. ಭೌತವಿಜ್ಞಾನವನ್ನು ಬೋಧಿಸುವವಳಿಗೆ ಪ್ರಸೂತಿಶಾಸ್ತ್ರದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಅಳೆಯದೆ ಆಡಿದ ಮಾತನ್ನು ಸುಲಭವಾಗಿ ನಂಬದಿರುವುದು ನಮ್ಮ ಶಾಸ್ತ್ರದ ಅಭ್ಯಾಸ. ಅದಲ್ಲದೆ ಈ ಲೇಖಕಿಯೂ ಆ ಮೇಜಿನ ಮೇಲೆ ಮಲಗಿ ಎದ್ದವಳೇ.

ತಾಯಿಯ ಉದರವನ್ನೂ ಗರ್ಭಕೋಶವನ್ನೂ ಕೊಯ್ದು ಮಗುವನ್ನು ಹೊರತೆಗೆಯುವ ಶಸ್ತ್ರಕ್ರಿಯೆಯೇ ಸಿಸೇರಿಯನ್. ರೋಮಿನ ಜೂಲಿಯಸ್ ಸೀಸರನು ಹೀಗೆ ಹುಟ್ಟಿದನೆಂಬ ಕಥೆ ನಂಬತಕ್ಕದ್ದಲ್ಲ. ಆ ಕಾಲದಲ್ಲಿ ಇದಕ್ಕೊಳಗಾದ ತಾಯಿ ಬದುಕಿ ಉಳಿಯುವುದು ಅಸಾಧ್ಯಪ್ರಾಯವಾಗಿತ್ತು. ಸೀಸರನ ತಾಯಿಯಾದರೋ ಮಗ ದೊಡ್ಡವನಾದ ಮೇಲೂ ಜೀವಿಸಿದ್ದಳು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಎಂಬ ವೈದ್ಯನು ಗರ್ಭಕೋಶದ ಗಾಯವನ್ನು ಹೊಲಿಯುವ ಕ್ರಮವನ್ನು ಬಳಕೆಗೆ ತಂದನು. ಮುಂದೆ ರಕ್ತದಾನವೂ ಪ್ರತಿಜೈವಿಕ ಔಷಧಗಳೂ ಅದರೊಡನೆ ಕೂಡಿಕೊಂಡು, ತಾಯಿ ಮಗು ಇಬ್ಬರ ಪ್ರಾಣವನ್ನೂ ಉಳಿಸುವ ಸಾಧನವೊಂದು ಮನುಷ್ಯನ ಕೈಗೆ ಬಂದಿತು. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿರುವಾಗ ಇದರ ಹೊರತು ಗತಿಯಿಲ್ಲ.

ಆದರೆ ಎಲ್ಲ ಸಿಸೇರಿಯನ್ನುಗಳೂ ಇಂತಹ ಸಂಕಟದಲ್ಲಿಯೇ ಆಗುತ್ತಿವೆಯೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇಕಡಾ 21.5 ಹೆರಿಗೆಗಳು ಹೀಗೆ ಆದುವು. ಸರಕಾರಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ 14.3, ಖಾಸಗಿ ಆಸ್ಪತ್ರೆಗಳಲ್ಲಿ 47.4. ನಮ್ಮ ಕರ್ನಾಟಕದಲ್ಲಿ 2015–16ರಲ್ಲಿ 23.6 ಇದ್ದುದು 31.5ಕ್ಕೆ ಏರಿತು. ಒಂದು ನಾಡಿನ ಪ್ರಮಾಣವು ಶೇಕಡಾ 10ನ್ನು ಮೀರಿದ ಮೇಲೆ, ಮತ್ತೂ ಏರಿದುದರಿಂದ ತಾಯಂದಿರ ಮತ್ತು ಶಿಶುಗಳ ಮರಣ ಕಡಮೆಯಾದುದು ಕಂಡುಬರುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಖಾಸಗಿ ಆಸ್ಪತ್ರೆಗೆ ಹೋಗುವವರ ವಯಸ್ಸು, ಸ್ಥಿತಿಗತಿ ಬೇರೆಯಿರಬಹುದು, ಒಪ್ಪಿದೆ. ಆದರೂ ಹೆಂಗಸರ ಕಟಿಯ ಮೂಳೆಗಳು ಒಂದು ಬಾಗಿಲನ್ನು ಹೊಕ್ಕಾಗ ಅಗಲವಾಗಿಯೂ ಇನ್ನೊಂದನ್ನು ಹೊಕ್ಕಾಗ ಇಕ್ಕಟ್ಟಾಗಿಯೂ ಆಗುವುದಿಲ್ಲವಷ್ಟೆ. ಹಾಗಾದರೆ ಬೇರೆಯಾಗಿರುವುದು ಅವರ ಇಚ್ಛೆಯೆ?

ಇದನ್ನು ತಿಳಿಯಲು ಅವರನ್ನೇ ಕೇಳಬೇಕು, ಅದೂ ಹೆರಿಗೆಗೆ ಮೊದಲೇ ಕೇಳಬೇಕು; ಆದ ಮೇಲೆ ಕೇಳಿದರೆ ಆದುದಕ್ಕೆ ಮನಸ್ಸು ಹೊಂದಿಕೊಂಡುಬಿಟ್ಟಿರುತ್ತದೆ. ಸಿಸೇರಿಯನ್ನುಗಳಿಗೆ ಹೆಸರಾದ ಬ್ರೆಜಿಲ್ ದೇಶದ ನಾಲ್ಕು ನಗರಗಳಲ್ಲಿ ಇಂತಹ ಪರೀಕ್ಷೆ ನಡೆದು, 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಗರ್ಭಿಣಿಯರನ್ನು ಹೆರಿಗೆಗೆ ಮೊದಲು ಎರಡು ಸಲ ಕಂಡು ಅವರ ಇಚ್ಛೆಯನ್ನು ಬರೆದುಕೊಂಡರು. ಸರಕಾರಿ ಆಸ್ಪತ್ರೆಯವರಾಗಲಿ ಖಾಸಗಿಯವರಾಗಲಿ, 100ರಲ್ಲಿ 70ರಿಂದ 80 ಮಂದಿ ಸಹಜ ಹೆರಿಗೆಯೇ ಬೇಕೆಂದರು. ಆದುದೇನು? ಸರಕಾರಿ ಆಸ್ಪತ್ರೆಗಳಲ್ಲಿ ಶೇಕಡಾ 31, ಖಾಸಗಿಯಲ್ಲಿ ಶೇಕಡಾ 72 ಸಿಸೇರಿಯನ್! ಇಚ್ಛೆ ಎರಡೂ ಕಡೆ ಒಂದೇ. ಫಲ ಮಾತ್ರ ಬೇರೆ. ಕಾರಣವನ್ನು ಬೇರೆಡೆ ಹುಡುಕಬೇಕೆಂದು ನಮ್ಮ ಪ್ರಥಮ ವರ್ಷದ ವಿದ್ಯಾರ್ಥಿಯೂ ಹೇಳಿಯಾನು.

ಶಸ್ತ್ರಕ್ರಿಯೆಯನ್ನೇ ಬಯಸುವ ಸ್ತ್ರೀಯರು ಇಲ್ಲವೆಂದಲ್ಲ. ನಾನಾ ದೇಶಗಳ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಲೆಕ್ಕ ಹಾಕಿದಾಗ ಅಂಥವರು ಶೇಕಡಾ 15.6ರಷ್ಟಿದ್ದರು. ಹಿಂದೆ ಸಿಸೇರಿಯನ್ ಆಗಿದ್ದವರಲ್ಲಿ ಇದು 29.4; ಆಗಿರದವರಲ್ಲಿ 10.1. ಇವರನ್ನು ಹೇಡಿಗಳೆಂದು ಹಳಿಯುವುದು ಅನ್ಯಾಯ. ಮೊದಲ ಹೆರಿಗೆಯಲ್ಲಿ ಹಗಲಿರುಳು ನರಳಿ, ಗದರಿಸಿಕೊಂಡು, ಕೈ ಹಿಡಿಯುವವರಿಲ್ಲದೆ ಮಲಗಿದ್ದವಳು ಎರಡನೆಯ ಸಲ ಅದನ್ನು ಬೇಡವೆಂದರೆ ಅವಳು ಬೇಡವೆನ್ನುತ್ತಿರುವುದು ಹೆರಿಗೆಯನ್ನಲ್ಲ, ಆ ರಾತ್ರಿಯನ್ನು. ಬೆನ್ನಿಗೆ ಮದ್ದು ಚುಚ್ಚಿ ಹೆರಿಗೆಯ ನೋವನ್ನು ಶಮನಗೊಳಿಸುವ ಅನುಕೂಲ ನಮ್ಮಲ್ಲಿ ಇಂದಿಗೂ ಕೆಲವರಿಗೆ ಮಾತ್ರ ದೊರೆಯುತ್ತದೆ. ಇನ್ನು ಜೋಯಿಸರಿಂದ ಮುಹೂರ್ತವಿಡಿಸಿ ಮಗುವನ್ನು ತೆಗೆಸುವ ಮನೆಗಳೂ ನಮ್ಮ ನಡುವೆ ಇವೆ. ಅಲ್ಲಿ ಆಯ್ಕೆ ಮಾಡಿದವರು ಯಾರೆಂದು ಬಸುರಿಯನ್ನು ಯಾರೂ ಕೇಳುವುದಿಲ್ಲ.

ಸಂಗತಿಯನ್ನು ಮುಚ್ಚಿಟ್ಟು ಸಹಜ ಹೆರಿಗೆ ಮಾಡಿಸಿದುದೂ ಉಂಟು. ಸ್ಕಾಟ್ಲೆಂಡಿನಲ್ಲಿ 1999ರಲ್ಲಿ ಮಧುಮೇಹವಿದ್ದ, ಗಿಡ್ಡ ಮೈಕಟ್ಟಿನ ಗರ್ಭಿಣಿಯೊಬ್ಬರಿಗೆ, ಮಗುವಿನ ಭುಜ ಸಿಕ್ಕಿಕೊಳ್ಳುವ ಸಂಭವ 100ಕ್ಕೆ 9–10ರಷ್ಟಿದೆಯೆಂಬುದನ್ನು ವೈದ್ಯರು ತಿಳಿಸಲಿಲ್ಲ. ತಿಳಿಸಿದರೆ ಎಲ್ಲರೂ ಸಿಸೇರಿಯನ್ ಬೇಡುವರೆಂಬುದೇ ಅವರ ಸಮಾಧಾನ. ಭುಜ ಸಿಕ್ಕಿಕೊಂಡಿತು, ಪ್ರಾಣವಾಯು ಸಾಲದೆ ಮಗುವಿಗೆ ಶಾಶ್ವತವಾದ ಊನವಾಯಿತು. ಮಾಂಟ್ಗೊಮರಿ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದಲ್ಲಿ ಬ್ರಿಟನ್ನಿನ ಪರಮೋಚ್ಚ ನ್ಯಾಯಾಲಯವು 2015ರಲ್ಲಿ ತಾಯಿಯ ಪರವಾಗಿ ತೀರ್ಪಿತ್ತು, ಗಣ್ಯವಾದ ಅಪಾಯಗಳನ್ನೂ ಬೇರೆ ಮಾರ್ಗಗಳನ್ನೂ ರೋಗಿಗೆ ತಿಳಿಸುವುದು ವೈದ್ಯರ ಕರ್ತವ್ಯವೆಂದು ಸಾರಿತು.

ನನ್ನ ಎರಡನೆಯ ಬಸಿರಿನಲ್ಲಿ ಮೊದಲು ಕಂಡ ವೈದ್ಯೆ ‘ನೋಡಿಮ್ಮಾ, ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಅದೇ’ ಎಂದು ಮಾತು ಮುಗಿಸಿದರು. ಎರಡನೆಯವರು ಕಾಗದ ತೆಗೆದು ಅಂಕಿಗಳನ್ನು ಬರೆದರು. ಒಮ್ಮೆ ಸಿಸೇರಿಯನ್ ಆದವರು ಸಹಜ ಹೆರಿಗೆಗೆ ಯತ್ನಿಸಿದರೆ 100ರಲ್ಲಿ ಸುಮಾರು 72–75 ಮಂದಿಗೆ ಅದು ಕೈಗೂಡುತ್ತದೆ. ಹಳೆಯ ಹೊಲಿಗೆ ಬಿಡುವುದು ಸುಮಾರು 200ರಲ್ಲಿ ಒಬ್ಬರಿಗೆ. ಮತ್ತೆ ಮತ್ತೆ ಕೊಯ್ಯಿಸಿಕೊಳ್ಳುವುದರಲ್ಲಿಯೂ ಅಪಾಯವುಂಟು: ಮುಂದಿನ ಬಸಿರಿನಲ್ಲಿ ಮಾಸು ಕೆಳಗೆ ಕುಳಿತರೆ ಅದು ಗರ್ಭಕೋಶದ ಗೋಡೆಯೊಳಕ್ಕೆ ಬೇರೂರಿ, ಕಳಚಿಕೊಳ್ಳದೆ, ಭಯಂಕರ ರಕ್ತಸ್ರಾವವಾಗಬಹುದು. ಮಾಸು ಹಾಗೆ ಕುಳಿತವರಲ್ಲಿ ಈ ಸಂಭವವು, 2006ರ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಹಿಂದೆ ಸಿಸೇರಿಯನ್ ಆಗಿರದಿದ್ದರೆ ಶೇಕಡಾ 3, ಒಮ್ಮೆ ಆಗಿದ್ದರೆ 11, ಎರಡು ಸಲ ಆಗಿದ್ದರೆ 40.

ಆ ಕಾಗದವನ್ನು ಮನೆಗೆ ತಂದು ಎರಡು ದಿನ ಯೋಚಿಸಿದೆ. ನನಗೆ ಮೂರನೆಯ ಮಗು ಬೇಕಿರಲಿಲ್ಲ. ನಮ್ಮ ಊರಿನಲ್ಲಿ ರಾತ್ರಿಯ ಹೊತ್ತು ಅರಿವಳಿಕೆ ಕೊಡುವ ವೈದ್ಯರಿರಲಿಲ್ಲ. ಇನ್ನೂರರಲ್ಲಿ ಆ ಒಬ್ಬಳು ನಾನಾದರೆ ನಡುರಾತ್ರಿಯಲ್ಲಿ ರಕ್ತ ತರಲು ಜಿಲ್ಲಾ ಕೇಂದ್ರಕ್ಕೆ ಓಡಬೇಕಾಗಿತ್ತು. ಶಸ್ತ್ರಕ್ರಿಯೆಗೇ ಒಪ್ಪಿದೆ. ಅವೇ ಅಂಕಿಗಳನ್ನು ಕೈಯಲ್ಲಿ ಹಿಡಿದು, ರಾತ್ರಿಯೂ ವೈದ್ಯರಿರುವ ಪಟ್ಟಣದಲ್ಲಿದ್ದ ನನ್ನ ತಂಗಿ ಸಹಜ ಹೆರಿಗೆಗೆ ನಿಂತಳು.