‘ಏಳ್ಬೇಡಮ್ಮಾ, ಮಲ್ಕೋ’ ಅನ್ನೋ ಮುಂಚೆ ಇದನ್ನೊಮ್ಮೆ ಓದಿ

ಜ್ವರ ಬಿಟ್ಟು ವಾರವಾಗಿದೆ. ಅಮ್ಮ ಅಡುಗೆಮನೆ ಕಡೆ ಹೊರಟರೆ ಸಾಕು, ‘ಏಳ್ಬೇಡಮ್ಮಾ, ಮಲ್ಕೋ. ಎಲ್ಲಾ ನಾನ್ ನೋಡ್ಕೋತೀನಿ’ ಅಂತೀವಿ. ಊಟ, ನೀರು, ಮಾತ್ರೆ ಎಲ್ಲಾ ಮಂಚಕ್ಕೇ. ತಿಂಗಳಾದ ಮೇಲೆ ಅಮ್ಮ ಗೋಡೆ ಹಿಡಿದು ನಡೆಯುವಾಗ ಜ್ವರವನ್ನು ಬೈತೀವಿ. ಅದರಲ್ಲಿ ಮಂಚದ ಪಾಲೂ ಇದೆ.

2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದ್ದರು. ಕಾಯಿಲೆ ಏನೂ ಇರಲಿಲ್ಲ. ಆದರೂ ಅವರ ಕಾಲುಗಳಿಂದ ಹೆಚ್ಚುಕಡಿಮೆ 1 ಕೆ.ಜಿ.ಯಷ್ಟು ಮಾಂಸ ಕರಗಿತ್ತು.

ಒಳಗೆ ಏನಾಗುತ್ತೆ?

ನಮ್ಮ ಸ್ನಾಯು ದಿನವೂ ಸ್ವಲ್ಪ ಸವೆಯುತ್ತೆ, ದಿನವೂ ಸ್ವಲ್ಪ ಕಟ್ಟಿಕೊಳ್ಳುತ್ತೆ. ಕಟ್ಟಿಕೊಳ್ಳೋಕೆ ಪ್ರೋಟೀನ್ ಬೇಕು, ಮೈಗೆ ಕೆಲಸವೂ ಬೇಕು. ವಯಸ್ಸಾದ ಸ್ನಾಯು ಇವೆರಡಕ್ಕೂ ಮೊದಲಿನಷ್ಟು ಸ್ಪಂದಿಸಲ್ಲ. ರಿಪೇರಿ ಮಾಡೋ ಜೀವಕೋಶಗಳೂ ಕಡಿಮೆಯಾಗುತ್ತವೆ. ಅದಕ್ಕೇ ನಾವು ಬೇಗ ಚೇತರಿಸಿಕೊಳ್ತೀವಿ, ಅಮ್ಮನಿಗೆ ತಿಂಗಳುಗಳೇ ಬೇಕು.

30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕಳೆದುಹೋಗುತ್ತೆ ಅನ್ನೋದು ಅಂದಾಜು. 60ರ ನಂತರ ಇನ್ನೂ ಜೋರು. ಥಟ್ಟನೆ ಶಕ್ತಿ ಕೊಡೋ ಎಳೆಗಳೇ ಹೆಚ್ಚು ಸೊರಗುತ್ತವೆ. ಎಡವಿದಾಗ ಸಾವರಿಸಿಕೊಳ್ಳೋಕೆ ಬೇಕಾಗೋದು ಅವೇ. ಈ ಸವೆತಕ್ಕೆ ‘ಸಾರ್ಕೊಪೀನಿಯಾ’ ಅಂತ ಹೆಸರು.

90ರಲ್ಲೂ ಆಗುತ್ತೆ!

ಕಳೆದದ್ದು ಮತ್ತೆ ಬರಲ್ಲ ಅನ್ಕೋಬೇಡಿ. ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸುಮಾರು 90 ವರ್ಷದ 10 ಮಂದಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಇಬ್ಬರಂತೂ ಊರುಗೋಲನ್ನೇ ಬಿಟ್ಟರು!

ಮನೆಯಲ್ಲಿ ಏನು ಮಾಡಬಹುದು?

* ಕುರ್ಚಿ ಪರೀಕ್ಷೆ: ಕೈ ಊರದೆ 5 ಸಲ ಎದ್ದು ಕೂರಲಿ, ನೀವು ಪಕ್ಕದಲ್ಲೇ ನಿಂತಿರಿ. 15 ಸೆಕೆಂಡ್ ಮೀರಿದರೆ ಕಾಲಿನ ಬಲ ಕಡಿಮೆ ಅಂತ ಅರ್ಥ. ದಿನವೂ ಇದನ್ನೇ ಮಾಡಿದರೆ ಒಳ್ಳೆ ವ್ಯಾಯಾಮವೂ ಹೌದು.
* ವಾಕಿಂಗ್ ಹೃದಯಕ್ಕೆ ಒಳ್ಳೇದು. ಆದರೆ ಸ್ನಾಯುವಿಗೆ ಭಾರವೂ ಬೇಕು. ವಾರಕ್ಕೆ ಎರಡು ದಿನವಾದರೂ ನೀರಿನ ಬಾಟಲಿ ಎತ್ತಿ ಇಳಿಸಲಿ.
* ರಾತ್ರಿ ಬರೀ ಗಂಜಿ ಸಾಲದು. ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಹಿರಿಯರಿಗೆ ಒಳ್ಳೆಯದು ಅಂತ ತಜ್ಞರ ಸಲಹೆ. 60 ಕೆ.ಜಿ. ಇದ್ದರೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು 6 ಗ್ರಾಂ ಅಷ್ಟೇ. ಹಾಗಾಗಿ ಮೂರು ಹೊತ್ತೂ ಕಾಳು, ಬೇಳೆ, ಮೊಸರು ಇರಲಿ.

ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ, ಆಪರೇಷನ್ ಆಗಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಜ್ವರ ಇರುವಾಗ ವಿಶ್ರಾಂತಿ ಬೇಕೇ ಬೇಕು. ಆದರೆ ಡಾಕ್ಟರ್ ಓಡಾಡಬಹುದು ಅಂದ ದಿನವೇ ಕಾಫಿ ಲೋಟವನ್ನು ಮಂಚಕ್ಕೆ ಒಯ್ಯೋದು ನಿಲ್ಲಿಸಿ. ‘ಬಾಮ್ಮಾ, ಹೊರಗೆ ಕೂತು ಕುಡಿಯೋಣ’ ಅಂತ ಕೈ ಕೊಡಿ.

ಅಮ್ಮನ ಜೊತೆ ನೀವೂ ಎದ್ದು ಕೂರೋ ವ್ಯಾಯಾಮ ಮಾಡಿ. 30 ದಾಟಿದ್ದರೆ ನಿಮ್ಮ ಲೆಕ್ಕವೂ ಶುರುವಾಗಿದೆ.